ಆಯಿಯ ಕೈ ಒಲ್ಲದ ಗಾಜು

ಮಮದಾಪುರ, ತಾ. ಗೋಕಾಕ
ಬುಧವಾರ, 6 ಮೇ 2009

ನನ್ನ ಮಗಳು ಶೈಲಾಗೆ ನಿಮ್ಮವ್ವನ ತುಂಬುಮನಸ್ಸಿನ ಆಶೀರ್ವಾದ.

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ಆ ಮಷಿನ್ನುಗಳ ಮುಂದೆ ಕೂತು ಚಹಾ ಕುಡಿದೇ ದಿನ ಕಳೆಯುತ್ತೀಯೋ? ಪುಣೆಯ ನೀರು ಒಗ್ಗಿಲ್ಲ ಎಂದಿದ್ದೆ, ಕಾಯಿಸಿ ಆರಿಸಿ ಕುಡಿ. ಆ ಎಡಗಡೆಯ ಹಲ್ಲು ಈಗ ಹೇಗಿದೆ? ಲವಂಗ ಇಟ್ಟುಕೊಂಡೆಯಾ? ಇಲ್ಲಿ ಎಲ್ಲರೂ ಜೀವದಿಂದ ಇದ್ದೇವೆ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಮುಂದಿನದನ್ನು ಓದುವಾಗ ನಿನ್ನ ಎದೆ ಹಾರಬಾರದು ಅಂತ. ನನ್ನ ಎದೆ ಹಾರಿದ್ದು ಇನ್ನೂ ಕೆಳಗೆ ಇಳಿದಿಲ್ಲ. ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯ. ಫೋನು ಇರುವುದು ರಾಜಮತಿ ವೈನಿಯ ಕಿರಾಣಿ ಅಂಗಡಿಯಲ್ಲಿ, ನಾನು ಮಾತಾಡುವುದಕ್ಕೆ ಮುಂಚೆ ಅಳುತ್ತೇನೆ, ಬೆಲ್ಲ ಕೊಳ್ಳಲು ಬಂದವರೆಲ್ಲ ನಿಂತು ಕೇಳುತ್ತಾರೆ. ಅದಕ್ಕೆ ಬರೆಯುತ್ತಿದ್ದೇನೆ. ನಾಲ್ಕನೆಯ ಇಯತ್ತೆಯನ್ನು ಅರ್ಧಕ್ಕೆ ಬಿಟ್ಟು ಕುರಿಯ ಹಿಂದೆ ಹೋದವಳು ನಾನು. ಕಾಗುಣಿತ ತಪ್ಪಿದ್ದರೆ ನೀನೇ ತಿದ್ದಿಕೊಂಡು ಓದು.

ಪರೀಕ್ಷೆ ಮಾಡಲೆಂದು ನಿಮ್ಮ ಕಂಪನಿಯ ಆ ಮುಟ್ಟುವ ಪರದೆಯ ಗಾಜನ್ನು ನೀನು ನನ್ನ ಕೈಗೆ ಕೊಟ್ಟು ಹೋದ ದಿನದಿಂದ ನನಗೆ ನಿದ್ದೆ ಸರಿಯಿಲ್ಲ. ಒಡೆದೀತು, ನೆನೆದೀತು, ಬೆಕ್ಕು ಹಾರೀತು ಅಂತ ಬರೀ ಅದೇ ಚಿಂತೆ. ನೀನು ಹೇಳಿಕೊಟ್ಟದ್ದೆಲ್ಲ ನೆನಪಿದೆ. ಮೊದಲೆಲ್ಲ ಚಿತ್ರ ತೋರಿಸುವ ಗಾಜು ಕೆಳಗೆ, ಮುಟ್ಟಿದ್ದು ತಿಳಿಯುವ ಗಾಜು ಮೇಲೆ, ಹೀಗೆ ಎರಡು ಇರುತ್ತಿದ್ದವು, ರೊಟ್ಟಿಯ ಮೇಲೆ ರೊಟ್ಟಿ ಹಾಕಿದ ಹಾಗೆ. ಈಗ ನಿಮ್ಮ ಕಂಪನಿಯವರು ಮುಟ್ಟಿದ್ದು ತಿಳಿಯುವುದನ್ನು ಚಿತ್ರದ ಗಾಜಿನ ಒಳಗೇ ಇಡಲು ನೋಡುತ್ತಿದ್ದೀರಿ, ಹೋಳಿಗೆಯೊಳಗೆ ಹೂರಣ ಇಟ್ಟ ಹಾಗೆ. ಚಿತ್ರ ಕುಣಿಸುವ ಕರೆಂಟಿನ ಗದ್ದಲ ಬಾಜೂದಲ್ಲೇ ಇರುವುದರಿಂದ ಬೆರಳಿನ ಸಣ್ಣ ಸುದ್ದಿ ಅದಕ್ಕೆ ಕೇಳಿಸುವುದು ಕಷ್ಟ, ಅದನ್ನು ಕೇಳಿಸುವುದೇ ನಿನ್ನ ಕೆಲಸ ಎಂದಿದ್ದೆ. ಆಫೀಸಿನವರ ಮೆತ್ತನೆಯ ಬೆರಳು ಬೇಡ, ದುಡಿದ ಕೈ ಬೇಕು, ದಿನಕ್ಕೆ ಹತ್ತು ಜನರ ಕೈ ಮುಟ್ಟಿಸು, ಪರದೆಯ ಮೇಲಿನ ಒಂಬತ್ತು ಚೌಕಗಳಲ್ಲಿ ಮುಟ್ಟಿದ ಚೌಕ ಹಸಿರಾದರೆ ವಹಿಯಲ್ಲಿ ರೈಟ್ ಹಾಕು, ಆಗದಿದ್ದರೆ ತಪ್ಪು ಹಾಕು ಎಂದಿದ್ದೆ. ಬಸ್ಸು ಹತ್ತುವ ಅವಸರದಲ್ಲಿ ಇನ್ನೊಂದು ಮಾತು ಹೇಳಿದ್ದೆ, ನೆನಪಿದೆಯಾ? "ಕಡ್ಡಿ, ಪೆನ್ನ ಇಟ್ರ ಇದಕ್ಕ ತಿಳಿಯೂದಿಲ್ಲವ್ವಾ. ಬೆರಳಿನ್ಯಾಗ ನೀರ ಇರಬೇಕು. ಜೀವಂತ ಬೆರಳ ಆಗಬೇಕು." ನಮ್ಮ ಅತ್ತೆ, ನಿಮ್ಮ ಆಯಿ, ಅಲ್ಲೇ ಕಟ್ಟೆಯ ಮೇಲೆ ಕೂತು ಕೇಳಿಸಿಕೊಂಡರು. ಆ ಒಂದು ಮಾತು ನಮ್ಮ ಮನೆಯನ್ನು ಏನು ಮಾಡಿತು ಎಂದು ನಿನಗೆ ಗೊತ್ತಿಲ್ಲ.

ಹೋದ ವಾರ ಸೋಮವಾರ ಶುರು ಮಾಡಿದೆ. ನನ್ನ ಬೆರಳಿಗೆ ಹಸಿರಾಯಿತು. ರಾಜಮತಿ ವೈನಿ ಮುಟ್ಟಿದರು, ಎಣ್ಣೆ ಅಳೆದ ಕೈ, ಆದರೂ ಹಸಿರಾಯಿತು. ನಿಮ್ಮ ಆಯಿ ಮಗ್ಗದಿಂದ ಎದ್ದು ಬಂದು, ಸೆರಗಿಗೆ ಕೈ ಒರೆಸಿಕೊಂಡು, ದೇವರ ಗಂಟೆ ಮುಟ್ಟುವ ಹಾಗೆ ಮುಟ್ಟಿದರು. ಏನೂ ಆಗಲಿಲ್ಲ. ಹತ್ತು ಬೆರಳೂ ಇಟ್ಟರು, ಒತ್ತಿ ಇಟ್ಟರು, ತಿಕ್ಕಿ ಇಟ್ಟರು. ಕಲ್ಲಿನ ಹಾಗೆ ಸುಮ್ಮನೆ ಕೂತಿತ್ತು ನಿನ್ನ ಗಾಜು. ಆಗ ನಕ್ಕರು. ಮಂಗಳವಾರವೂ ಹಾಗೇ. ಬುಧವಾರ ರಾಜಮತಿ ವೈನಿ ತಮ್ಮ ಎಂದಿನ ಬಾಯಿ ತೆರೆದರು: "ಕಾಶೆವ್ವ, ಕಂಬಳಿ ನೇದ ನೇದ ನಿಮ್ಮ ಕೈನೂ ಕಂಬಳಿ ಆಗೇತಿ ಬಿಡ್ರಿ. ಮುಟ್ಟಬ್ಯಾಡ್ರಿ, ಅದಕ್ಕ ಹೊದಿಸ್ರಿ!" ಎಲ್ಲರೂ ನಕ್ಕರು, ನಾನೂ ನಕ್ಕೆ. ಆಯಿ ನಗಲಿಲ್ಲ. ಮಧ್ಯಾಹ್ನ ನನ್ನನ್ನು ಒಲೆಯ ಹತ್ತಿರ ಹಿಡಿದು ಕೇಳಿದರು, "ರಾಮವ್ವ, ಜೀವಂತ ಬೆರಳ ಬೇಕಂತ ಹೇಳಿ ಹೋಗ್ಯಾಳ ನಿನ್ನ ಮಗಳು. ಅಂದಮ್ಯಾಲ ನಾ ಏನ?" ರೊಟ್ಟಿ ಸೀದಿತು, ಅದನ್ನು ನೋಡಿದೆ.

ಗುರುವಾರ ಆದದ್ದನ್ನು ಕೇಳು. ಊಟವಾಗಿತ್ತು, ಹೊರಗೆ ಬಿಸಿಲು ಕಾಯುತ್ತಿತ್ತು. ನಿಮ್ಮಪ್ಪ ಕುರಿ ಹೊಡೆದುಕೊಂಡು ಧುಪದಾಳದ ಕಡೆ ಹೊಳೆದಂಡೆಗೆ ಹೋಗಿ ಎಂಟು ದಿನವಾಗಿತ್ತು. ಮನೆಯಲ್ಲಿ ನಾನು, ಆಯಿ, ಇಬ್ಬರೇ. ಗಾಜಿನ ಬ್ಯಾಟರಿ ಮುಗಿದಿತ್ತು ಅಂತ ಅದರ ವಾಯರು ಗೋಡೆಗೆ ಚುಚ್ಚಿ ಸ್ಟೂಲಿನ ಮೇಲೆ ಇಟ್ಟಿದ್ದೆ. ನಾನು ಅಕ್ಕಿ ಹಸನು ಮಾಡುತ್ತಿದ್ದೆ, ಆಯಿ ಎದುರಿಗೆ ಅಡ್ಡಾಗಿದ್ದರು. ಒಂದು ಚೌಕ ಹಸಿರಾಯಿತು. ಯಾರೂ ಮುಟ್ಟಿಲ್ಲ, ಶೈಲಾ! ನೊಣ ಕೂತಿಲ್ಲ, ಗಾಳಿ ಇಲ್ಲ, ನನ್ನ ಎರಡೂ ಕೈ ಮೊರದಲ್ಲಿವೆ. ಮತ್ತೆ ಹಸಿರಾಯಿತು. ಆಮೇಲೆ ಮೂಲೆಯ ಚೌಕವೊಂದೇ ಎರಡು ಸಲ, ಸ್ವಲ್ಪ ತಡೆದು ಮತ್ತೊಂದು ಸಲ. ತೀರಿಹೋದ ನಮ್ಮ ಮಾವ, ನಿಮ್ಮ ಮುತ್ಯಾ, ತಂಬಾಕು ತಿಕ್ಕಿ ಅಂಗೈ ಮೇಲೆ ಬಡಿಯುತ್ತಿದ್ದರಲ್ಲ, ಎರಡು ಸಲ ಬಡಿದು, ಬಾಯಿಗೆ ಹಾಕುವ ಮುಂಚೆ ಇನ್ನೊಂದು ಸಲ, ಹಾಗೆ. ಮೊರ ಕೈಜಾರಿ ಅಕ್ಕಿಯೆಲ್ಲ ನೆಲದ ಪಾಲಾಯಿತು. ಆಯಿ ಎದ್ದು ಕೂತರು. ಗಂಡನ ಹೆಸರು ಹೇಳುವವರಲ್ಲ ಅವರು, ಗೊತ್ತಲ್ಲ. "ನೋಡ, ನನ್ನ ಕೈ ಒಲ್ಲೆ ಅಂದಿದ್ದು ಇವರ ಕೈ ತೊಗೊಂಡೈತಿ" ಎಂದರು. ಹೆದರಿ ಹೇಳಿದ್ದರೆ ನನಗೆ ಅಷ್ಟು ದಿಗಿಲಾಗುತ್ತಿರಲಿಲ್ಲ. ಬಸ್ಸು ಬಂತು ಎಂದು ಹೇಳುವ ಹಾಗೆ ಹೇಳಿದರು.

ಆ ಸಂಜೆಯಿಂದ ಊಟ ಬಿಟ್ಟರು. ಮಗ್ಗದ ಮೇಲೆ ಅರ್ಧ ನೇಯ್ದ ಕಂಬಳಿ ಹಾಗೇ ಇತ್ತು, ಅದನ್ನು ಬಟ್ಟೆಯಿಂದ ಮುಚ್ಚಿದರು. ಶುಕ್ರವಾರ ತಲೆಸ್ನಾನ ಮಾಡಿ ಪೆಟ್ಟಿಗೆಯಲ್ಲಿದ್ದ ಇಳಕಲ್ ಸೀರೆ ಉಟ್ಟು, ಕಿವಿಯ ಬುಗುಡಿ ಬಿಚ್ಚಿ "ಇವು ಶೈಲಾಗ" ಎಂದು ನನ್ನ ಕೈಯಲ್ಲಿ ಇಟ್ಟರು. ಹುಕ್ಕೇರಿಗೆ ಕೊಟ್ಟ ಮಗಳಿಗೆ ಹೇಳಿ ಕಳಿಸು, ಬರುವುದಿದ್ದರೆ ಬೇಗ ಬರಲಿ ಎಂದರು. ನಾನು ಕಾಲು ಹಿಡಿದೆ, ಬೈದೆ, ಅತ್ತೆ. ಒಂದು ಲೋಟ ಮಜ್ಜಿಗೆ ಕುಡಿದರು, ಶನಿವಾರ ಅದನ್ನೂ ಒಲ್ಲೆ ಎಂದರು. "ಅವರು ಕರ್ಯಾಕ ಬಂದಾರ, ನಾ ಉಂಡಕೋತ ಕುಂದರ್ಲೇನ?" ಎಂಬತ್ತರ ಹತ್ತಿರದ ಜೀವ, ಈ ಬೇಸಿಗೆ, ನೀರಿಲ್ಲದೆ ಎಷ್ಟು ತಾಸು ತಡೆದೀತು? ನಿನ್ನ ಗಾಜನ್ನು ಬಾವಿಗೆ ಎಸೆಯಬೇಕು ಅನ್ನಿಸಿತು, ಖರೆ ಹೇಳುತ್ತೇನೆ. ಕಂಪನಿಯದ್ದು, ನಿನ್ನ ಹೆಸರಿನ ಮೇಲೆ ತಂದದ್ದು ಅಂತ ನೆನಪಾಗಿ ಕೈ ತಡೆಯಿತು. ವಾಯರು ಕಿತ್ತು, ಕಂಬಳಿಯಲ್ಲಿ ಸುತ್ತಿ, ಜೋಳದ ಚೀಲದೊಳಗೆ ಹುಗಿದಿಟ್ಟೆ.

ಭಾನುವಾರ ತಡೆಯಲಾರದೆ ತೆಗೆದು ನೋಡಿದೆ. ಹೆದರಿದವಳಿಗೆ ಹೆದರಿಕೆಯ ಹತ್ತಿರವೇ ಹೋಗುವ ಚಟ. ಬ್ಯಾಟರಿ ಸ್ವಲ್ಪ ಉಳಿದಿತ್ತು. ಒಂದು ತಾಸು ಕಣ್ಣು ಮಿಟುಕಿಸದೆ ಕೂತೆ, ಒಂದು ಚೌಕವೂ ಅಲುಗಲಿಲ್ಲ. ವಾಯರು ಚುಚ್ಚಿದೆ. ಹಸಿರಾಯಿತು. ಕಿತ್ತೆ, ನಿಂತಿತು. ಚುಚ್ಚಿದೆ, ಮತ್ತೆ ಬಂತು. ನಾಲ್ಕು ಸಲ ಹೀಗೆ. ಸತ್ತವರು ಬರುವುದಾದರೆ ವಾಯರು ಹಿಡಿದುಕೊಂಡು ಬರುತ್ತಾರೆಯೇ ಎಂದು ನನ್ನ ದಡ್ಡ ತಲೆಗೂ ಹೊಳೆಯಿತು. ಗಾಜಿನ ಅಂಚಿನ ತಗಡಿಗೆ ಮೊಣಕೈ ತಾಗಿ ಜುಮ್ ಎಂದಿತು. ಮೊನ್ನೆ ಸೋಮವಾರ ರಾಜಮತಿ ವೈನಿಯ ಬಾವಿಯ ಮೋಟರು ನೋಡಲು ಮೂಡಲಗಿಯಿಂದ ಶಿದ್ರಾಮ ಬಂದಿದ್ದ, ಕರೆಂಟಿನ ಕೆಲಸದವನು. ಓಡಿಹೋಗಿ ಕರೆತಂದೆ. ತಗಡಿಗೆ ಟೆಸ್ಟರ್ ಇಟ್ಟ, ಅದರ ದೀಪ ಹತ್ತಿತು. ನಮ್ಮ ಹಿಟ್ಟಿನ ಗಿರಣಿಯ ಮೈಗೆ ಇಟ್ಟ, ಅಲ್ಲೂ ಮಿಣಮಿಣ ಹತ್ತಿತು. ಅವನ ಮುಖ ಕಪ್ಪಿಟ್ಟಿತು. "ಅಕ್ಕಾರ, ಮನಿ ಅರ್ಥಿಂಗ್ ಎಲ್ಲಿ ಹುಗದಾರ್ರಿ?" ಎಂದ. ಅದೇನು ಎಂದೇ ನನಗೆ ಗೊತ್ತಿಲ್ಲ. ಹೆಚ್ಚಾದ ಕರೆಂಟು ನೆಲಕ್ಕೆ ಹೋಗಲು ಒಂದು ಪೈಪು ಹುಗಿದಿರುತ್ತಾರಂತೆ, ಅಲ್ಲಿಯ ಮಣ್ಣು ಹಸಿಯಾಗಿರಬೇಕಂತೆ. ಒಣಗಿದರೆ ಹೋಗಲು ದಾರಿಯಿಲ್ಲದೆ ಮನೆಯಲ್ಲೇ ತಿರುಗುತ್ತದಂತೆ. ಆ ಗದ್ದಲವನ್ನೇ ನಿನ್ನ ಗಾಜು ಬೆರಳು ಅಂದುಕೊಂಡಿತು.

ಶಿದ್ರಾಮ ಮೀಟರಿನಿಂದ ಹೊರಟ ಹಸಿರು ವಾಯರನ್ನೇ ಹಿಡಿದು ಗೋಡೆ ಸುತ್ತಿ ಬಚ್ಚಲ ಹಿಂದೆ ಹೋದ. ಎಲ್ಲಿ ನಿಂತ ಗೊತ್ತಾ? ಆ ಲಿಂಬೆಯ ಒಣ ಬೊಡ್ಡೆಯ ಹತ್ತಿರ. ಎರಡು ಹಾರೆ ಅಗೆದ. ಬೊಡ್ಡೆಗೆ ಒತ್ತಿಕೊಂಡು ಕಬ್ಬಿಣದ ಪೈಪು, ಬಾಯಿಗೆ ಮಡಕೆಯ ಚೂರು ಮುಚ್ಚಿದೆ. ಗಿಡ ಒಣಗಿ ಹೋದ ಮೇಲೂ ನಿಮ್ಮ ಮುತ್ಯಾ ಹೋಳಿ ಹುಣ್ಣಿಮೆಯಿಂದ ಮೊದಲ ಮಳೆಯ ತನಕ ದಿನಾ ಸಂಜೆ ಅಲ್ಲಿಗೆ ಒಂದು ಕೊಡ ನೀರು ಹೊಯ್ಯುತ್ತಿರಲಿಲ್ಲವೇ? ನಾನು ಓಣಿಯ ತುಂಬ ಹೇಳಿಕೊಂಡು ನಗುತ್ತಿದ್ದೆ, "ನಮ್ಮ ಮಾವಾರಿಗೆ ಅರಳುಮರಳ ಆಗೇತಿ, ಒಣಾ ಬೊಡ್ಡಿಗಿ ನೀರ ಹಾಕತಾರ." ಅವರ ಕಿವಿಗೂ ಬಿದ್ದಿತ್ತು. ಒಂದು ದಿನ "ಹಾಕ್ಲಿ ಬಿಡವಾ, ಇರಲಿ" ಎಂದಿದ್ದರು, ಅಷ್ಟೇ. ಹೆಚ್ಚು ಮಾತಿನವರಲ್ಲ. ಅವರು ಹೋಗಿ ಎರಡು ಬೇಸಿಗೆಯಾದವು, ಅಲ್ಲಿ ಒಬ್ಬರೂ ಒಂದು ಹನಿ ಚೆಲ್ಲಿಲ್ಲ. ಹೋದ ವಾರ ಹಸಿ ಕೈಯಿಂದ ಗಿರಣಿಯ ಮೈ ಒರೆಸಿದ್ದೆ ನಾನು. "ಇಷ್ಟ ದಿನ ಉಳದದ್ದ ದೊಡ್ಡದು ನೀವು" ಎಂದ ಶಿದ್ರಾಮ. ಮೂರು ಕೊಡ ಹೊಯ್ದೆವು. ಮಣ್ಣು ಗಟಗಟ ಕುಡಿಯಿತು. ಒಳಗೆ ಬಂದು ವಾಯರು ಚುಚ್ಚಿದರೆ ಪರದೆ ಮಲಗಿದ ಮಗುವಿನ ಹಾಗಿತ್ತು.

ಇದನ್ನೆಲ್ಲ ಆಯಿಗೆ ಹೇಗೆ ಹೇಳುವುದು ಎಂದೇ ನನಗೆ ಪೀಕಲಾಟ. ಮುತ್ಯಾ ಬಂದಿಲ್ಲ ಎಂದರೆ ನೊಂದಾರು, ಬಂದಿದ್ದರು ಎಂದರೆ ಸತ್ತಾರು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಬೊಡ್ಡೆ, ಪೈಪು, ಕೊಡ, ಎಲ್ಲ. ಕಣ್ಣು ಮುಚ್ಚಿಕೊಂಡೇ ಕೇಳಿದರು. "ನನ್ನ ಕರ್ಯಾಕ ಬಂದಿದ್ದಿಲ್ಲ ಹಂಗಾರ. ನೀರ ಕೇಳಾಕ ಬಂದಿದ್ರು" ಎಂದರು. ಆಮೇಲೆ, "ನನಗೂ ಒಂದೀಟ ಕೊಡ" ಎಂದರು. ನಾಲ್ಕು ದಿನದ ಮೇಲೆ ಒಂದು ತಂಬಿಗೆ ನೀರು ಕುಡಿದರು, ಶೈಲಾ. ನುಚ್ಚು ಮಜ್ಜಿಗೆಯನ್ನೂ ತಿಂದರು.

ನಿನ್ನೆ ಅವರ ಕೈ ತೊಳೆಯುತ್ತಿದ್ದೆ. ಬಿಸಿನೀರಿನ ಬೋಗುಣಿಯಲ್ಲಿ ಸ್ವಲ್ಪ ಹೊತ್ತು ನೆನೆಯಬಿಟ್ಟೆ. ಹೆಬ್ಬೆರಳಿನಿಂದ ಉಳ್ಳಾಗಡ್ಡಿಯ ಸಿಪ್ಪೆಯಂಥದ್ದು ಎದ್ದು ಬಂತು. ಹುಣಸೆ ಬೀಜದ ಗಂಜಿ! ಕಂಬಳಿಯ ನೂಲು ಗಟ್ಟಿಯಾಗಲೆಂದು ದಿನಾ ಕೈಯಿಂದಲೇ ಹಚ್ಚುತ್ತಾರಲ್ಲ, ಅದು ಪದರ ಪದರವಾಗಿ ಒಣಗಿ ಚರ್ಮದ ಮೇಲೆ ಇನ್ನೊಂದು ಚರ್ಮವಾಗಿದೆ. ಒರೆಸಿ ಹೆಬ್ಬೆರಳನ್ನು ಗಾಜಿಗೆ ಇಟ್ಟೆ. ಹಸಿರಾಯಿತು! ನಾನು ಚೀರಿದ್ದಕ್ಕೆ ರಾಜಮತಿ ವೈನಿ ಅಂಗಡಿ ಬಿಟ್ಟು ಓಡಿಬಂದರು. ಆಯಿ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡು ಅವರಿಗೆ ಹೇಳಿದರು, "ಬರ್ರಿ, ನಾ ಈಗರ ಹುಟ್ಟೇನಿ. ಬೆಲ್ಲ ಹಂಚ್ರಿ." ಉಳಿದ ಬೆರಳುಗಳಿಗೆ ಗಾಜು ಇನ್ನೂ ಒಲಿದಿಲ್ಲ, ಅಲ್ಲಿ ಗಂಜಿ ಹೋದರೂ ಕೆಳಗೆ ಬರೀ ಕಲ್ಲಿನಂಥ ಜಡ್ಡು. ಇವತ್ತು ಬೆಳಗ್ಗೆ ಮಗ್ಗದ ಮೇಲಿನ ಬಟ್ಟೆ ತೆಗೆದರು. ಬುಗುಡಿ ಮಾತ್ರ ವಾಪಸು ಕೇಳಿಲ್ಲ, ನೀನು ಬಂದಾಗ ನೀನೇ ಕೊಡು.

ಬಿಸಿಲಲ್ಲಿ ತಿರುಗಬೇಡ. ನೀನಿರುವ ಖೋಲಿಯ ಮಾಲೀಕರಿಗೆ ಅವರ ಅರ್ಥಿಂಗ್ ಎಲ್ಲಿದೆ ಎಂದು ಕೇಳು, ನಾಚಬೇಡ. ನಿನ್ನ ಗೆಳತಿ ಪ್ರಣಿತಾಗೆ ನನ್ನ ನೆನಪು ಹೇಳು. ನಿಮ್ಮಪ್ಪ ಬಂದ ಮೇಲೆ ಇದನ್ನೆಲ್ಲ ಇನ್ನೊಮ್ಮೆ ಹೇಳಬೇಕು, ಅದೊಂದು ಚಿಂತೆ. ಆಯಿ ನಿನ್ನ ತಲೆಯ ಮೇಲೆ ಹೆಬ್ಬೆರಳಿಟ್ಟು ಹರಸಿದ್ದಾರೆ ಎಂದು ತಿಳಿ.

ನಿನ್ನ ಅವ್ವ,
ರಾಮವ್ವ

ತಾ.ಕ.: ರಾಜಮತಿ ವೈನಿಯ ಯಜಮಾನರು ಗೋಕಾಕಕ್ಕೆ ಹೊರಟು ಬಾಗಿಲಲ್ಲಿ ನಿಂತಿದ್ದಾರೆ, ಈ ಲಕೋಟೆ, ನಿನ್ನ ವಹಿ ಎರಡನ್ನೂ ಟಪಾಲಿಗೆ ಹಾಕುತ್ತಾರೆ. ಅವಸರದಲ್ಲಿ ಬರೆಯುತ್ತಿದ್ದೇನೆ. ವಹಿಯ ಮೊದಲ ಮೂರು ದಿನ ಆಯಿಯ ಹೆಸರಿನ ಮುಂದೆ ರೈಟ್ ಇದೆ, ಅದು ಸುಳ್ಳು. ನಾನೇ ಹಾಕಿದೆ. ತಪ್ಪು ಬಹಳ ಬಿದ್ದರೆ ನಿನ್ನ ಕೆಲಸಕ್ಕೆ ಕುತ್ತು ಬಂದೀತು ಎಂದು ಹೆದರಿದೆ. ನಿನ್ನ ಸಾಹೇಬರು ನನ್ನ ರೈಟ್ ನಂಬಿ ಈ ಗಾಜನ್ನೇ ಊರೂರಿಗೆ ಕಳಿಸಿದರೆ, ಮತ್ತಿನ್ಯಾವ ಮನೆಯ ಮುದುಕಿ ಪೆಟ್ಟಿಗೆಯ ಸೀರೆ ಉಟ್ಟು ಕೂತಾಳೋ. ರೈಟ್ ಹೊಡೆದು ಹಾಕು. ಒಂದೇ ಮಾತು ನಡೆಸಿಕೊಡು: ತಪ್ಪು ಹಾಕುವಾಗ ಆಯಿಯ ಕೈ ಮುಂದೆ ಹಾಕಬೇಡ, ಗಾಜಿನ ಮುಂದೆ ಹಾಕು.