73939133 ಬಳಕೆಯಲ್ಲಿಲ್ಲ

ಅಲ್ ಅಜೈಬಾ, ಮಸ್ಕತ್
7 ಫೆಬ್ರುವರಿ 2025, ಶುಕ್ರವಾರ

ನನ್ನ ಮುದ್ದು ಅವ್ವನಿಗೆ,

ಫೋನ್ ಇರುವಾಗ ಇದೇನು ಕಾಗದ ಎಂದು ಹುಬ್ಬೇರಿಸಬೇಡ. ಫೋನ್ ಮಾಡಿದರೆ ಅಪ್ಪ ಸ್ಪೀಕರ್ ಹಾಕುತ್ತಾರೆ, ಇಡೀ ಓಣಿ ಕಿವಿಗೊಡುತ್ತದೆ. ಹನುಮಪ್ಪ ಕಾಕಾ ನಾಳೆ ಗದಗಕ್ಕೆ ಬರುತ್ತಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಇಲ್ಲೇ ಮಸ್ಕತ್‌ನಲ್ಲಿ ಕೆಲಸದಲ್ಲಿರುವ ಬಾಗಲಕೋಟೆಯ ಸಚ್ಚಿದಾನಂದ ಚಿಗವ್ವನ ಮನೆಗೆ ಬಂದು ನನ್ನನ್ನು ನೋಡಿ ಹೋದ ಮೇಲೆ ಸುದ್ದಿಯೇ ಇಲ್ಲ ಎಂದು ಅವಳು ಫೋನಿನಲ್ಲಿ ನಿನ್ನ ಬಳಿ ಗೋಳಾಡಿದಳಲ್ಲ? ಪಾಪ, ತಪ್ಪು ಅವರದಲ್ಲ.

ಹಿರಿಯರು ಒಪ್ಪುವ ತನಕ ಫೋನ್ ನಂಬರ್ ಕೊಡಕೂಡದು ಎಂದು ಚಿಗವ್ವ ನನಗೂ ಅವರಿಗೂ ಮೊದಲೇ ಕಟ್ಟಪ್ಪಣೆ ಮಾಡಿದ್ದಳು. ಅವಳು ಉಪ್ಪಿಟ್ಟು ತರಲು ಒಳಗೆ ಹೋದಾಗ ಅವರು ಕೇಳಿದರು: “ಗಣಿತದ ಟೀಚರ್ ಅದೀರಿ. ನಿಮಗ ಭಾಳ ಸೇರೂ ಸಂಖ್ಯೆ ಯಾವ್ದ್ರಿ?” ಅವ್ವಾ, ಹಿಂದೆ ನೋಡಲು ಬಂದವರೆಲ್ಲ ರೊಟ್ಟಿ ಬಡಿಯಲು ಬರುತ್ತದೆಯೇ ಎಂದಷ್ಟೇ ಕೇಳಿದ್ದರು! ಖುಷಿಗೆ ಒಂದೇ ಉಸಿರಿನಲ್ಲಿ 73939133 ಅಂದೆ. ಏಕೆಂದು ಹೇಳುವಷ್ಟರಲ್ಲಿ ಉಪ್ಪಿಟ್ಟು ಬಂತು.

ನಿನಗಾದರೂ ಹೇಳುತ್ತೇನೆ. ಒಂದು ಮತ್ತು ಅದೇ ಸಂಖ್ಯೆ ಬಿಟ್ಟರೆ ಬೇರೆ ಯಾವುದರಿಂದಲೂ ಇದನ್ನು ಶೇಷವಿಲ್ಲದೆ ಭಾಗಿಸಲಾಗದು. ಕೊನೆಯ ಅಂಕಿ ಅಳಿಸು: 7393913. ಅದೂ ಹಾಗೇ. ಮತ್ತೆ ಅಳಿಸು: 739391. ಅದೂ ಜಗ್ಗುವುದಿಲ್ಲ. ಅಳಿಸುತ್ತ ಅಳಿಸುತ್ತ ಬರೀ 7 ಉಳಿದರೂ ಅದೇ ಹಟ. ಈ ಗುಣದ ಸಂಖ್ಯೆಗಳಲ್ಲಿ ಇದಕ್ಕಿಂತ ದೊಡ್ಡದಿಲ್ಲ.

ಆದರೆ ಇಲ್ಲಿ ಮೊಬೈಲ್ ನಂಬರಿಗೂ ಎಂಟೇ ಅಂಕಿ, ಏಳರಿಂದ ಶುರುವಾಗುವವೂ ಬೇಕಾದಷ್ಟು. ಚಿಗವ್ವನ ಕಣ್ಣು ತಪ್ಪಿಸಿ ಹುಡುಗಿ ನಂಬರ್ ಕೊಟ್ಟಳು ಎಂದು ಅವರು ಹಿಗ್ಗಿದ್ದಾರೆ! ಮನೆಗೆ ಹೋಗಿ ಹಚ್ಚಿದರೆ, ಈ ನಂಬರ್ ಬಳಕೆಯಲ್ಲಿಲ್ಲ ಎಂಬ ಧ್ವನಿ. ಬೇಡ ಎನ್ನಲು ಸುಳ್ಳು ನಂಬರ್ ಕೊಟ್ಟೆನೆಂದುಕೊಂಡು ಅವರು ಸುಮ್ಮನಾದರು. ಇತ್ತ ನನಗೆ ಊಟ ಸೇರಲಿಲ್ಲ. ಅವರು ಹಿಡಿಸಿದ್ದರು ಅವ್ವಾ, ತುಂಬಾ ಹಿಡಿಸಿದ್ದರು.

ನಿನ್ನೆ ಸಂಜೆ ಹಲ್ವಾ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. “ಕಡೀ ಅಂಕಿ ತಪ್ಪಿ ಕೇಳೀನೇನೋ ಅಂತ ಬ್ಯಾರೆ ಹಾಕಿ ನೋಡಿದ್ನಿರಿ. ಯಾರೋ ಅರಬ್ಬಿ ಅಜ್ಜಾರು ಎತ್ತಿ ಖಲಾಸ್ ಖಲಾಸ್, ಸಾಕ್ ಮಾಡು ಅಂತ ಬೈದ್ರು,” ಎಂದರು. ಕಡೆಗೆ, ಯಾರ ನಂಬರಿದು ಎಂದು ಇಂಟರ್‌ನೆಟ್‌ನಲ್ಲಿ ಹುಡುಕಿದರೆ ಬರೀ ಗಣಿತವೇ ಬಂತಂತೆ. ಆಗ ತಾವೇ ಕುಳಿತು ಒಂದೊಂದೇ ಅಂಕಿ ಅಳಿಸಿ ನೋಡಿದರಂತೆ. “ನಾ ಫೇಲ್ ಆದ್ನೇನ್ರಿ ಟೀಚರ್?” ಎಂದಾಗ ನಾನು ನಕ್ಕ ನಗುವಿಗೆ ಚಿಗವ್ವ ಸೌಟು ಹಿಡಿದೇ ಓಡಿ ಬಂದಳು.

ಇನ್ನು ನಿರ್ಧಾರ ಹಿರಿಯರದು. ನೀನೂ ಅಪ್ಪನೂ ನಿಧಾನವಾಗಿ ಯೋಚಿಸಿ ತಿಳಿಸಿ. ನನಗೇನೂ ಅವಸರವಿಲ್ಲ.

ನಿನ್ನ ಮಗಳು,
ಮಾಧುರಿ

ತಾ.ಕ.: ಅವಸರವಿಲ್ಲ ಎಂದದ್ದು ಅಪ್ಪನಿಗೆ ಓದಿ ಹೇಳಲು. ನಾನು ನಿನ್ನೆ ಬಾಗಿಲಲ್ಲೇ ಹೂಂ ಅಂದುಬಿಟ್ಟೆ. ಅವರಿನ್ನೂ ಕೇಳಿರಲೇ ಇಲ್ಲ.