ಮಲಗಿಕೊಂಡೇ ಬೆಳೆದ ಮರ

ಲೂಯಿಸ್ ದ್ವೀಪ, ಸೋಮವಾರ

ಪ್ರೀತಿಯ ಅಕ್ಕ,

ಈ ಊರಿಗೆಲ್ಲ ಇರುವುದು ಒಂದೇ ಮರ. ಅದೂ ಕಡಲ ಗಾಳಿಗೆ ನೆಲದುದ್ದಕ್ಕೂ ಮಲಗಿಕೊಂಡೇ ಬೆಳೆದಿದೆ. ನಾನು ಮಾಡುತ್ತಿರುವ ಮಕ್ಕಳ ಪುಸ್ತಕಕ್ಕೆ ಅದನ್ನು ಹಾಗೆಯೇ ಬಿಡಿಸಿ ಲಂಡನ್ನಿಗೆ ಕಳಿಸಿದ್ದೆ. "ಮರ ಬಿದ್ದುಹೋಗಿದೆಯಲ್ರೀ! ನೆಟ್ಟಗೆ ನಿಲ್ಲಿಸಿ, ಇಲ್ಲಾಂದ್ರೆ ಪುಸ್ತಕ ಬೇಡ" ಎಂದು ಪ್ರಕಾಶಕರ ಫೋನು ಬಂತು. ಮನೆಯೊಡತಿ ಮೊರಾಗ್‌ಗೆ ಹೇಳಿದರೆ ಹೊಟ್ಟೆ ಹಿಡಿದುಕೊಂಡು ನಕ್ಕಳು.

"ನೆಟ್ಟಗೆ ನಿಂತ್ರೆ ಅದು ನಮ್ಮೂರ ಮರ ಹೆಂಗಾಗುತ್ತೆ? ಇಲ್ಲಿ ಮಕ್ಕಳಿಗೆ ಮರ ಬರೀರಿ ಅಂದ್ರೆ ಮೊದಲು ಹಾಳೆ ಅಡ್ಡ ತಿರುಗಿಸ್ತಾರೆ ಕಣೇ!"

ನಾನೂ ಹಾಳೆ ಅಡ್ಡ ತಿರುಗಿಸಿದೆ. ಈ ಸಲ ಎರಡು ಪುಟದಗಲ ಅದೇ ಮರವನ್ನು ಮಲಗಿಸಿ ಇವತ್ತೇ ಕಳಿಸುತ್ತಿದ್ದೇನೆ. ಮೊರಾಗ್‌ಳ ಕುರಿಮಾಂಸದ ಸಾರಿಗೆ ನನ್ನ ಕೆಮ್ಮು ಇಳಿದಿದೆ. ನಾನು ಸಿಗದೆ ಪ್ರಕಾಶಕರು ನಿನಗೆ ಫೋನು ಮಾಡಿದರೆ ಹೇಳಿಬಿಡು: ಬಗ್ಗಿರುವುದು ಮರ ಮಾತ್ರ.

ಅಂಚೆಯ ದೋಣಿ ಹೊರಡುವ ಹೊತ್ತಾಯಿತು.

ನಿನ್ನ ನೆಸ್ಟಾ