ಕೂಸಿನ ತಲೆಗೆ ಕಟ್ಟಿದ ನಾಲ್ಕು ಕಿಲೋ

ಹನ್ನೆರಡನೇ ತಾರೀಖು, ಮಂಗಳವಾರ

ಆ ನಾಲ್ಕು ಕಿಲೋ ಇನ್ನೂ ತಲೆಯಿಂದ ಇಳಿದಿಲ್ಲ.

ಕ್ಲಿನಿಕ್ಕಿನಲ್ಲಿ ಮಕ್ಕಳ ತೂಕದ ಯಂತ್ರ ಕೆಟ್ಟಿತ್ತು. ಅಂಥ ದಿನ ನರ್ಸುಗಳಾದ ನಾವು ಮಗುವನ್ನು ಎತ್ತಿಕೊಂಡು ದೊಡ್ಡವರ ಯಂತ್ರದ ಮೇಲೆ ನಿಲ್ಲುತ್ತೇವೆ. ಬಂದದ್ದರಲ್ಲಿ ನಮ್ಮ ತೂಕ ಕಳೆಯುತ್ತೇವೆ. ನಾಲ್ಕು ತಿಂಗಳ ಹೆಣ್ಣು ಕೂಸು, ಅತ್ತು ಅತ್ತು ಕೆಂಪಗಾಗಿತ್ತು. ನಾನು ಎತ್ತಿಕೊಂಡದ್ದೇ ಸುಮ್ಮನಾಯಿತು. ಇಬ್ಬರೂ ಸೇರಿ ಎಪ್ಪತ್ತೆರಡು.

"ನಿಂದೆಷ್ಟೇ?" ಎಂದರು ಹಿರಿಯ ಸಿಸ್ಟರ್.

"ಅರವತ್ತೆರಡು."

ಅದು ಹೋದ ವರ್ಷದ್ದು. ಆಮೇಲೆ ಆ ಯಂತ್ರದ ತಂಟೆಗೇ ಹೋಗಿಲ್ಲ.

"ಹಾಗಾದ್ರೆ ಕೂಸು ಹತ್ತು ಕಿಲೋ! ಏನಮ್ಮಾ, ಇವಳಿಗೆ ಕಲ್ಲು ತಿನ್ನಿಸ್ತೀಯಾ?"

ತಾಯಿ ಗಾಬರಿಯಾದಳು. ನನ್ನ ಕಿಲೋಗಳನ್ನು ಹಾಲುಗಲ್ಲದ ಕೂಸಿನ ತಲೆಗೆ ಕಟ್ಟಿದ್ದೆ! ಕೂಸನ್ನು ತಾಯಿಗೆ ಕೊಟ್ಟು ಒಬ್ಬಳೇ ನಿಂತೆ. "ಅರವತ್ತಾರು" ಎಂದು ಸಿಸ್ಟರ್ ಕೂಗಿಯೇ ಹೇಳಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆದರೆ ಯಾರ ಕಣ್ಣೂ ನನ್ನ ಮೇಲಿರಲಿಲ್ಲ. ಕೂಸು ಆರು ಕಿಲೋ, ಚೆನ್ನಾಗಿ ಬೆಳೆಯುತ್ತಿದೆ ಎಂದು ಎಲ್ಲರಿಗೂ ಖುಷಿ.

ಅದು ಮತ್ತೆ ರಾಗ ತೆಗೆಯಿತು.

"ಸಿಸ್ಟರ್, ಇನ್ನೊಂದ್ಸಲ ಎತ್ಕೊಳ್ಳಿ. ನಿಮ್ಮ ಹತ್ರಾನೇ ಸುಮ್ಮನಿದ್ಲು," ಎಂದಳು ತಾಯಿ.

ಎತ್ತಿಕೊಂಡೆ. ಉದ್ದ ತೋಳಿನ ಬಟ್ಟೆಯಲ್ಲಿ ಸದಾ ಮುಚ್ಚಿಡುವ ನನ್ನ ಈ ದಪ್ಪ ತೋಳಿಗೆ ಕೂಸು ಕೆನ್ನೆಯಿಟ್ಟು, ದೊಡ್ಡವರ ಹಾಗೆ ಒಂದು ನಿಟ್ಟುಸಿರು ಬಿಟ್ಟು, ಮಲಗಿಯೇಬಿಟ್ಟಿತು. ಅಬ್ಬಾ, ಅದೆಂಥ ನಂಬಿಕೆ! ಉಸಿರಾಡುವುದಕ್ಕೂ ಹೆದರಿ ನಿಂತಿದ್ದೆ.

ಇಷ್ಟು ವರ್ಷ ಈ ತೋಳನ್ನು ಬೈದದ್ದೇ ಬಂತು. ಇದಕ್ಕೆ ಏನೇನು ಗೊತ್ತಿದೆ ಎಂದು ಒಮ್ಮೆಯೂ ನೋಡಲಿಲ್ಲ.

ಬರೆಯುತ್ತಿದ್ದಂತೆಯೇ ಕಣ್ಣು ಎಳೆಯುತ್ತಿದೆ. ಇವತ್ತು ದಿಂಬು ಬೇಡ, ಈ ತೋಳಿನ ಮೇಲೆಯೇ ತಲೆಯಿಟ್ಟು…